ಮುಗಿಲಂಚಿನಿಂದ ಜಿಗಿದವನು

ಸಾಹಸವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎರಡು ಮುಖಗಳಿವೆ. ಧೀರತನವೆಂಬುದು ಒಂದು, ಹಿಂದುಮುಂದು ನೋಡದೆ ಎಸಗಿದ ದುಡುಕು ಎಂಬುದು ಇನ್ನೊಂದು. ಧರ್ಮಶಾಸ್ತ್ರಗಳಲ್ಲಂತೂ ಬಲಾತ್ಕಾರದ ಅಪರಾಧಗಳಿಗೇ ಈ ಹೆಸರು ಸಲ್ಲುತ್ತದೆ. ಕನ್ನಡದಲ್ಲಿ ನಾವು ಮೊದಲನೆಯ ಅರ್ಥವನ್ನು ಉಳಿಸಿಕೊಂಡು ಎರಡನೆಯದನ್ನು ಬಹುಮಟ್ಟಿಗೆ ಮರೆತಿದ್ದೇವೆ. 2025ರ ಜುಲೈ 17ರಂದು ಇಟಲಿಯ ಪೋರ್ತೊ ಸಾಂತ್ ಎಲ್ಪಿದಿಯೊ ಎಂಬ ಕಡಲತಡಿಯ ಊರಿನಲ್ಲಿ ಫೆಲಿಕ್ಸ್ ಬೌಮ್‌ಗಾರ್ಟ್ನರ್ ಯಂತ್ರಸಹಿತ ಪ್ಯಾರಾಗ್ಲೈಡರಿನಿಂದ ಬಿದ್ದು ಮೃತನಾದನೆಂಬ ವಾರ್ತೆಯನ್ನು ಓದಿದಾಗ ಈ ಎರಡು ಅರ್ಥಗಳೂ ಒಟ್ಟಿಗೆ ನೆನಪಾದವು.

ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ನಗರದಲ್ಲಿ 1969ರ ಏಪ್ರಿಲ್ 20ರಂದು ಜನಿಸಿದ ಈತ ಹದಿನಾರನೆಯ ವಯಸ್ಸಿನಲ್ಲೇ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದವನು. ಸೈನ್ಯದಲ್ಲಿ ಆ ವಿದ್ಯೆಯನ್ನು ಹದಗೊಳಿಸಿಕೊಂಡವನು. 1999ರಲ್ಲಿ ಕೌಲಾಲಂಪುರದ ಪೆಟ್ರೋನಾಸ್ ಗೋಪುರದಿಂದ ಹಾರಿದನು. 2003ರ ಜುಲೈ 31ರಂದು ಬೆನ್ನಿಗೆ ಇಂಗಾಲದ ನಾರಿನ ರೆಕ್ಕೆಯನ್ನು ಬಿಗಿದುಕೊಂಡು ಇಂಗ್ಲಿಷ್ ಕಾಲುವೆಯನ್ನು ಗಾಳಿಯಲ್ಲಿಯೇ ದಾಟಿದನು. 2007ರಲ್ಲಿ ತೈಪೆಯ ಗಗನಚುಂಬಿ ಕಟ್ಟಡದಿಂದ ಅನುಮತಿಯಿಲ್ಲದೆ ಜಿಗಿದನು. ಶಕ್ತಿಪಾನೀಯ ತಯಾರಿಸುವ ರೆಡ್ ಬುಲ್ ಕಂಪನಿಯ ಧನಸಹಾಯವೂ, ಪ್ರಚಾರದ ಹಂಬಲವೂ ಈ ಕಾರ್ಯಗಳ ಹಿಂದೆ ಇದ್ದುದನ್ನು ಮರೆಮಾಚುವುದು ಸರಿಯಲ್ಲ.

ಆದರೆ ಲೋಕವು ಅವನನ್ನು ನೆನೆಯುವುದು 2012ರ ಅಕ್ಟೋಬರ್ 14ರ ಕಾರಣದಿಂದ. ಅಂದು ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ರಾಸ್ವೆಲ್‌ನಿಂದ ಹೀಲಿಯಂ ತುಂಬಿದ ಬೃಹತ್ ಬಲೂನು ಅವನಿದ್ದ ಗೂಡನ್ನು ಎತ್ತಿಕೊಂಡು ಸುಮಾರು 39 ಕಿಲೋಮೀಟರ್ ಮೇಲಕ್ಕೇರಿತು. ಸುಮಾರು 19 ಕಿಲೋಮೀಟರ್ ದಾಟಿದರೆ ಗಾಳಿಯ ಒತ್ತಡವು ಎಷ್ಟು ಕುಗ್ಗುತ್ತದೆಂದರೆ, ರಕ್ಷಾಕವಚವಿಲ್ಲದ ದೇಹದ ದ್ರವಗಳು ತಮ್ಮ ಸಹಜ ಉಷ್ಣದಲ್ಲಿಯೇ ಕುದಿಯತೊಡಗುತ್ತವೆ. ಅಂತಹ ಸ್ಥಳದಿಂದ ಅವನು ಹೆಜ್ಜೆ ಹೊರಗಿಟ್ಟನು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡುಗಳ ಆ ಬೀಳುವಿಕೆಯಲ್ಲಿ ಅವನ ವೇಗವು ಗಂಟೆಗೆ 1,357 ಕಿಲೋಮೀಟರಿಗೆ ಮುಟ್ಟಿತು. ಅದು ಶಬ್ದದ ವೇಗದ ಒಂದೂಕಾಲು ಪಟ್ಟು. ನಡುವೆ ದೇಹವು ಬುಗುರಿಯಂತೆ ತಿರುಗತೊಡಗಿತು. ಹಾಗೆಯೇ ಮುಂದುವರಿದಿದ್ದರೆ ಮಿದುಳಿಗೆ ರಕ್ತ ನುಗ್ಗಿ ಪ್ರಜ್ಞೆ ತಪ್ಪುತ್ತಿತ್ತು. ಅವನು ಕೈಕಾಲುಗಳನ್ನು ಸಂಯಮದಿಂದ ಹೊಂದಿಸಿ ಸ್ಥಿರನಾದನು. ಕೊನೆಗೆ ಕಾಲೂರಿ ನೆಲಕ್ಕಿಳಿದನು. ಜಿಗಿಯುವ ಮುನ್ನ ಅವನಾಡಿದ ಮಾತಿನ ಭಾವವು ಮನನೀಯವಾಗಿದೆ: ನಾವೆಷ್ಟು ಚಿಕ್ಕವರೆಂದು ಅರಿಯಲು ಕೆಲವೊಮ್ಮೆ ಬಹಳ ಎತ್ತರಕ್ಕೆ ಏರಬೇಕಾಗುತ್ತದೆ.

ಮಠದ ದರ್ಶನಕ್ಕೆ ಬರುವ ಗೃಹಸ್ಥರೊಬ್ಬರು ಇತ್ತೀಚೆಗೆ ನನ್ನಲ್ಲಿ ತಮ್ಮ ಅಳಲನ್ನು ತೋಡಿಕೊಂಡರು. ಅವರ ಮಗ ಹೆದ್ದಾರಿಯಲ್ಲಿ ಬೈಕಿನ ಮುಂದಿನ ಚಕ್ರವನ್ನೆತ್ತಿ ಓಡಿಸುವ ಗೀಳಿಗೆ ಬಿದ್ದಿದ್ದಾನೆ. ಗದರಿಸಿದರೆ ಬೌಮ್‌ಗಾರ್ಟ್ನರನ ಜಿಗಿತವನ್ನು ಫೋನಿನಲ್ಲಿ ತೋರಿಸಿ, “ಇವನಿಗೆ ಲೋಕವೆಲ್ಲ ಚಪ್ಪಾಳೆ ತಟ್ಟಿತು, ನನಗೇಕೆ ಬೈಗುಳ?” ಎಂದು ಕೇಳುತ್ತಾನಂತೆ. ತಂದೆಯ ಬಳಿ ಉತ್ತರವಿರಲಿಲ್ಲ. ಇದು ಒಂದು ಮನೆಯ ಕಷ್ಟವಲ್ಲ. ಹರೆಯದ ಮಕ್ಕಳಿರುವ ಎಷ್ಟೋ ಮನೆಗಳ ಕಷ್ಟ. “ಕೊನೆಗೆ ಅವನೂ ಸತ್ತನಲ್ಲ” ಎಂದು ಹೇಳಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಮರಣವು ಅಂಜುಬುರುಕನನ್ನೂ ಬಿಡುವುದಿಲ್ಲವಾದ್ದರಿಂದ ಅದು ಉತ್ತರವಾಗಲಾರದು. ಉತ್ತರವನ್ನು ಆ ಜಿಗಿತದಲ್ಲಿಯೇ ಹುಡುಕಬೇಕು.

ನಾಲ್ಕು ನಿಮಿಷದ ಆ ಬೀಳುವಿಕೆಯ ಹಿಂದೆ ವರ್ಷಗಳ ಸಿದ್ಧತೆಯಿತ್ತು. ಎಂಜಿನಿಯರರು, ವೈದ್ಯರು, ಹವಾಮಾನ ಬಲ್ಲವರು ದುಡಿದಿದ್ದರು. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಸುಮಾರು 21 ಕಿಲೋಮೀಟರಿನಿಂದಲೂ ಜುಲೈ ತಿಂಗಳಿನಲ್ಲಿ ಸುಮಾರು 29 ಕಿಲೋಮೀಟರಿನಿಂದಲೂ ಪರೀಕ್ಷಾ ಜಿಗಿತಗಳಾಗಿದ್ದವು. ಅಕ್ಟೋಬರ್ 9ರಂದು ಎಲ್ಲವೂ ಅಣಿಯಾಗಿದ್ದಾಗ ಗಾಳಿ ಜೋರಾಯಿತೆಂದು ಕಾರ್ಯವನ್ನೇ ನಿಲ್ಲಿಸಿದರು. ಇನ್ನೊಂದು ಸಂಗತಿಯಿದೆ. ಇಷ್ಟೆಲ್ಲ ಹಾರಿದ ಈ ಧೀರನಿಗೆ ಮೈಯನ್ನೆಲ್ಲ ಬಿಗಿಯುವ ಒತ್ತಡದ ಕವಚವೆಂದರೆ ಉಸಿರುಗಟ್ಟಿಸುವ ಭಯ. 2010ರ ಕೊನೆಯಲ್ಲಿ ಅವನು ಯೋಜನೆಯನ್ನು ಬಿಟ್ಟು ತನ್ನ ದೇಶಕ್ಕೆ ಹಿಂದಿರುಗಿದನು. ಬಳಿಕ ಮನಃಶಾಸ್ತ್ರ ಬಲ್ಲವರ ನೆರವು ಪಡೆದು, ಆ ಭಯವನ್ನು ಮೆಲ್ಲಮೆಲ್ಲನೆ ಪಳಗಿಸಿ ಮರಳಿ ಬಂದನು. ತನ್ನ ಭಯವನ್ನು ಒಪ್ಪಿಕೊಳ್ಳುವುದು ಮುಗಿಲಿನಿಂದ ಜಿಗಿಯುವುದಕ್ಕಿಂತ ಸಣ್ಣ ಧೈರ್ಯವೇನಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಅವನಿಗೊಬ್ಬ ಗುರುವಿದ್ದನು. ಅಮೆರಿಕದ ವಾಯುಸೇನೆಯ ಜೋಸೆಫ್ ಕಿಟ್ಟಿಂಗರ್ 1960ರ ಆಗಸ್ಟ್ 16ರಂದು 31 ಕಿಲೋಮೀಟರಿಗೂ ಮೇಲಿನಿಂದ ಜಿಗಿದು ದಾಖಲೆ ಸ್ಥಾಪಿಸಿದ್ದನು. ಅಂದು ಮೇಲೇರುವಾಗ ಬಲಗೈಯ ಕವಚ ಕೆಟ್ಟು ಕೈ ಊದಿಕೊಂಡರೂ ಕಾರ್ಯವನ್ನು ಮುಗಿಸಿದವನಾತ. ಐವತ್ತೆರಡು ವರ್ಷಗಳ ನಂತರ, ತನ್ನ 84ನೆಯ ವಯಸ್ಸಿನಲ್ಲಿ, ಆತ ರಾಸ್ವೆಲ್‌ನ ನಿಯಂತ್ರಣ ಕೇಂದ್ರದಲ್ಲಿ ಕುಳಿತು ತನ್ನ ದಾಖಲೆಯನ್ನು ಮುರಿಯಲು ಹೊರಟವನಿಗೆ ಒಂದೊಂದೇ ಹೆಜ್ಜೆಯನ್ನು ಓದಿ ಹೇಳುತ್ತಿದ್ದನು. ಮೇಲಿದ್ದವನು ಚಾಚೂ ತಪ್ಪದೆ ಪಾಲಿಸುತ್ತಿದ್ದನು. ಶಿಷ್ಯನಿಂದ ಸೋಲನ್ನು ಬಯಸುವವನೇ ಗುರುವೆಂಬ ಮಾತನ್ನು ಮಠದಲ್ಲಿ ಬಾಲ್ಯದಿಂದ ಕೇಳಿ ಬೆಳೆದ ನನಗೆ ಆ ಮುದುಕನ ಧ್ವನಿಯಲ್ಲಿ ಗುರುತತ್ತ್ವದ ಒಂದು ಎಳೆ ಕೇಳಿಸಿತು. ಅದೇ ಕೇಂದ್ರದಲ್ಲಿ ಹೆತ್ತ ತಾಯಿಯೂ ಕಣ್ಣೀರು ತುಂಬಿ ಕುಳಿತಿದ್ದಳು.

ಶರಣಧರ್ಮದಲ್ಲಿ ಕಾಯವು ತೃಣವಲ್ಲ. ಇಷ್ಟಲಿಂಗವನ್ನು ಧರಿಸುವ ಎದೆಯದು, ಕಾಯಕ ಮಾಡುವ ಕೈಯದು, ದಾಸೋಹಕ್ಕೆ ನಡೆಯುವ ಕಾಲದು. ಅದನ್ನು ಒಣಗಿಸಿ ದಂಡಿಸುವುದನ್ನು ಒಪ್ಪದ ಶರಣರು ಅದನ್ನು ಜೂಜಿನ ಪಣವಾಗಿಸುವುದನ್ನೂ ಒಪ್ಪಲಾರರು. ಆದುದರಿಂದ ಆ ತಂದೆಗೆ ನಾನು ಹೇಳಿದ್ದು ಇಷ್ಟು: ಮಗನನ್ನು ಬೈಯುವ ಮೊದಲು ಕೇಳಿರಿ, ನಿನಗಿದನ್ನು ಕಲಿಸಿದವರಾರು? ನಿನ್ನ ವಾಹನವನ್ನು ಪರೀಕ್ಷಿಸಿದವರಾರು? ಇಂದು ಬೇಡವೆಂದು ತಡೆಯುವವರಾರು, ತಡೆದರೆ ನೀನು ನಿಲ್ಲುವೆಯಾ? ನಿನ್ನ ಚಕ್ರಕ್ಕೆ ಸಿಕ್ಕಬಹುದಾದ ದಾರಿಹೋಕನ ಒಪ್ಪಿಗೆ ಪಡೆದಿದ್ದೀಯಾ? ಇವುಗಳಿಗೆ ಉತ್ತರವಿಲ್ಲದಿದ್ದರೆ ಅದು ಶಬ್ದದ ಎರಡನೆಯ ಅರ್ಥದ ಸಾಹಸ. ಬೌಮ್‌ಗಾರ್ಟ್ನರ್ ಕಟ್ಟಡಗಳಿಂದ ಕದ್ದು ಜಿಗಿದುದಕ್ಕೂ ಈ ಮಾತು ಅನ್ವಯಿಸುತ್ತದೆ. ಹುಡುಗನಿಗೆ ವೇಗದ ಹಂಬಲ ನಿಜವಾಗಿದ್ದರೆ, ಕಲಿಸುವವರಿರುವ ಕಡೆಗೆ ಅವನನ್ನು ಕರೆದೊಯ್ಯುವ ಹೊಣೆ ತಂದೆಯದೇ ಎಂದೂ ಹೇಳಿದೆನು.

ದಾಖಲೆಯ ಆಯುಷ್ಯವೂ ಅಲ್ಪವೇ. ಎರಡು ವರ್ಷ ಕಳೆದ ಕೆಲವೇ ದಿನಗಳಲ್ಲಿ, 2014ರ ಅಕ್ಟೋಬರ್ 24ರಂದು, ಗೂಗಲ್ ಸಂಸ್ಥೆಯ ಅಧಿಕಾರಿ ಆ್ಯಲನ್ ಯೂಸ್ಟೇಸ್ ಯಾವ ಅಬ್ಬರವೂ ಇಲ್ಲದೆ 41 ಕಿಲೋಮೀಟರಿಗೂ ಮೇಲಿನಿಂದ ಜಿಗಿದು ಬಂದನು. ಕಿಟ್ಟಿಂಗರ್ 2022ರಲ್ಲಿ ಕಾಲವಾದನು. ಶಬ್ದವನ್ನೇ ಹಿಂದಿಕ್ಕಿದ ಬೌಮ್‌ಗಾರ್ಟ್ನರ್ 56ನೆಯ ವಯಸ್ಸಿನಲ್ಲಿ, ಅವನ ಲೆಕ್ಕದಲ್ಲಿ ಸಾಮಾನ್ಯವೆನಿಸುವ ಒಂದು ಹಾರಾಟದಲ್ಲಿ ಹೋದನು. ಅಲ್ಲಮಪ್ರಭುಗಳು ಹೇಳುವ ಬಯಲು ಬಲೂನು ಏರಿ ಮುಟ್ಟುವ ಬಯಲಲ್ಲ. ಅದಕ್ಕೆ ಎತ್ತರದ ಅಳತೆಯಿಲ್ಲ. ಆದರೂ ಅಷ್ಟು ಮೇಲೆ ನಿಂತು ತನ್ನ ಕಿರಿದನ್ನು ಕಂಡವನ ಮಾತನ್ನು ತಳ್ಳಿಹಾಕಲಾರೆ. ಆ ಕಿರಿತನದ ಅರಿವು ನಮಗೆ ಪ್ರತಿದಿನ ಲಿಂಗಪೂಜೆಗೆ ಕುಳಿತ ನೆಲದ ಮೇಲೆಯೇ ದೊರೆಯಬೇಕು. ಮಕ್ಕಳಿಗೆ ಅದನ್ನು ಕೊಟ್ಟರೆ, ಅವರು ಎಷ್ಟು ಎತ್ತರಕ್ಕೆ ಏರಿದರೂ ನಾವು ನಿಶ್ಚಿಂತರಾಗಿ ಬಾಗಿಲಲ್ಲಿ ಕಾಯಬಹುದು.