ಹೊಲಕ್ಕೆ ಇಳಿದ ವಿಮಾನ (ಭಾಗ 6)

2023ರ ಮೇ 30. ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟ್‌ನಿಂದ ಹಾರಿದ ಒಂದು ಪುಟ್ಟ ಟ್ರೇನಿಂಗ್ ವಿಮಾನ ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳದ ಹತ್ತಿರ ಹೊಲಕ್ಕೆ ಇಳೀತು. ಒಳಗಿದ್ದ ಇಬ್ಬರೂ ಉಳಿದರು. ಇಂಥ ವಿಡಿಯೊ ಬಂದಾಗೆಲ್ಲ ಕೆಳಗೆ ಒಂದೇ ಥರದ ಕಾಮೆಂಟು: ರನ್‌ವೇ ಕಾಣ್ಲಿಲ್ವಾ ಗುರು? ನನ್ನ ಪ್ರಕಾರ ಆ ಪೈಲಟ್‌ಗಳಿಗೆ ಕೈ ಮುಗೀಬೇಕು. ಯಾಕೆ ಅಂತ ಹೇಳ್ತೀನಿ, ಪೂರ್ತಿ ಓದಿ.

ಸೆಸ್ನಾ 172 ಅನ್ನೋ ನಾಲ್ಕು ಸೀಟಿನ ವಿಮಾನ ತಗೊಳ್ಳಿ. ಎಂಜಿನ್ ನಿಂತ್ರೆ ಅದು ಕಲ್ಲಿನ ಹಾಗೆ ಬೀಳಲ್ಲ. ಒಂದು ಅಡಿ ಇಳಿಯೋಷ್ಟರಲ್ಲಿ ಸುಮಾರು 9 ಅಡಿ ಮುಂದೆ ತೇಲುತ್ತೆ. ಆದ್ರೂ 1,000 ಅಡಿ ಎತ್ತರದಲ್ಲಿದ್ರೆ ಕೈಯಲ್ಲಿರೋದು ಒಂದೂವರೆ ನಿಮಿಷಾನೂ ಇಲ್ಲ. ಅಷ್ಟರಲ್ಲಿ ಹೊಲ ಆರಿಸ್ಬೇಕು, ಗಾಳಿ ನೋಡ್ಬೇಕು, ರೇಡಿಯೊದಲ್ಲಿ ಹೇಳ್ಬೇಕು, ಪೆಟ್ರೋಲ್ ಬಂದ್ ಮಾಡ್ಬೇಕು. ನೆಲ ಮುಟ್ಟೋ ಮೊದಲೇ ಬಾಗಿಲು ಸ್ವಲ್ಪ ತೆಗೆದಿಡ್ಬೇಕು, ಹೊಡೆತಕ್ಕೆ ಸೊಟ್ಟಗಾಗಿ ಸಿಕ್ಕಿಕೊಂಡ್ರೆ ಹೊರಗೆ ಬರೋಕಾಗಲ್ಲ.

ಮೇಲಿಂದ ನೋಡಿದ್ರೆ ಎಲ್ಲ ಹೊಲವೂ ಸಪಾಟು. ಬದು, ಕಾಲುವೆ, ಕಲ್ಲು ಕಾಣೋದು ಕೆಳಗೆ ಬಂದಮೇಲೇ. ಕರೆಂಟ್ ತಂತಿ ಅಂತೂ ಕಾಣೋದೇ ಇಲ್ಲ, ಕಂಬ ನೋಡಿ ತಂತಿ ಇದೆ ಅಂದ್ಕೋಬೇಕು. ಉತ್ತ ಹೊಲ ಆದ್ರೆ ಸಾಲಿನ ಉದ್ದಕ್ಕೇ ಇಳೀಬೇಕು. ಅಡ್ಡ ಇಳಿದ್ರೆ, ಇಲ್ಲಾ ಮಣ್ಣು ಮೆತ್ತಗಿದ್ರೆ, ಮುಂದಿನ ಚಕ್ರ ಹೂತು ವಿಮಾನ ಪಲ್ಟಿ. ಇದನ್ನ ನಮ್ಮಜ್ಜನ ಹತ್ರ ಹೇಳಿದ್ದಕ್ಕೆ ಬಂದ ಉತ್ತರ: "ಮಸಾರಿ ಹೊಲಾ ನೋಡಿ ಇಳಸಬೇಕು. ಮಳಿ ಆದಮ್ಯಾಲ ಎರಿ ಹೊಲದಾಗ ಎತ್ತಿನ ಗಾಡೀನ ಹೊರಗ ಬರೂದಿಲ್ಲ." ವಿಮಾನ ಹತ್ತದೇ ಇರೋ ಮನುಷ್ಯ!

ಗಾಳಿಯ ಲೆಕ್ಕ ಇನ್ನೂ ಖಡಕ್. ವಿಮಾನದ ವೇಗ 90 ಕಿ.ಮೀ., ಗಾಳಿ 18 ಅಂತಿಟ್ಕೊಳ್ಳಿ. ಗಾಳಿಗೆ ಎದುರಾಗಿ ಇಳಿದ್ರೆ ನೆಲಕ್ಕೆ ತಾಗೋ ವೇಗ 72, ಗಾಳಿ ಬೆನ್ನಿಗಿದ್ರೆ 108. ವೇಗ ಒಂದೂವರೆ ಪಟ್ಟು, ಹೊಡೆತದ ಶಕ್ತಿ ಮಾತ್ರ ಎರಡೂಕಾಲು ಪಟ್ಟು, ಯಾಕಂದ್ರೆ ಅದು ವೇಗದ ವರ್ಗದ ಲೆಕ್ಕ.

ಇಷ್ಟೆಲ್ಲ ಇದ್ರೂ ದೊಡ್ಡ ಅಪಾಯ ನೆಲದಲ್ಲಿಲ್ಲ, ವಿಮಾನ ಉಳಿಸ್ಬೇಕು ಅನ್ನೋ ಆಸೆಯಲ್ಲಿದೆ. ಟೇಕಾಫ್ ಆದ ಕೂಡಲೇ ಎಂಜಿನ್ ಕೈಕೊಟ್ರೆ ಮನಸ್ಸು ಹಿಂದಿನ ರನ್‌ವೇ ಕಡೆಗೇ ಎಳೆಯುತ್ತೆ. ಕಡಿಮೆ ಎತ್ತರದಲ್ಲಿ ತಿರುಗಿಸೋಕೆ ಹೋಗಿ, ವೇಗ ಸತ್ತು, ವಿಮಾನ ಗಿರಗಿರ ತಿರುಗಿ ಬಿದ್ದು ಸತ್ತವರು ಬಹಳ ಜನ. ನೇರ ಮುಂದಿರೋ ಹೊಲಕ್ಕೆ ಇಳಿಸಿ ರೆಕ್ಕೆ, ಚಕ್ರ ಮುರಿದುಕೊಂಡವರು ಎಷ್ಟೋ ಸಲ ಎದ್ದು ನಡೆದು ಬಂದಿದ್ದಾರೆ. ರೆಕ್ಕೆ ಮುರೀತಾ ಹೋದಷ್ಟೂ ಒಳಗಿನವರಿಗೆ ತಾಗೋ ಹೊಡೆತ ಕಡಿಮೆ. ಎಂಜಿನ್ ನಿಂತ ಕ್ಷಣದಿಂದ ವಿಮಾನ ಇನ್ಶೂರೆನ್ಸ್ ಕಂಪನಿಯದ್ದು ಅಂತ ಪೈಲಟ್‌ಗಳಲ್ಲಿ ಒಂದು ಮಾತಿದೆ. ಅಕೌಂಟ್ಸ್ ಕ್ಲಾಸಲ್ಲಿ ರೈಟ್ ಆಫ್ ಅಂತ ಬರೆಯೋದು ನಮಗೆ ಒಂದು ಗೆರೆಯ ಕೆಲಸ. ಅವರು ಅದನ್ನ ಗಾಳಿಯಲ್ಲಿ, ಕೆಲವೇ ಸೆಕೆಂಡಲ್ಲಿ ಮಾಡ್ಬೇಕು.

ಇನ್ನೊಂದು. ನಿಮ್ಮೂರ ಹೊಲಕ್ಕೆ ಇಂಥದ್ದೊಂದು ಇಳಿದ್ರೆ, ಇಂತಹ ಬಹಳಷ್ಟು ವಿಮಾನಗಳಲ್ಲಿ ಪೆಟ್ರೋಲ್ ಇರೋದು ರೆಕ್ಕೆಯಲ್ಲಿ, ರೆಕ್ಕೆ ಮುರಿದ್ರೆ ಸೋರುತ್ತೆ. ಬೀಡಿ ಸಿಗರೇಟು ಆರಿಸಿ, ಗುಂಪು ಸೇರದೆ 112ಕ್ಕೆ ಫೋನ್ ಮಾಡಿ. ರೀಲ್ಸ್ ಆಮೇಲೆ.