ಚೈತ್ರದ ಪಾಠ

ಕನ್ನಡ ನಾಡಿನ ಶಾಲೆಗಳಿಗೆ ವಸಂತವು ಬರುವುದು ಪರೀಕ್ಷೆಯ ಕಾಲದಲ್ಲಿ. ಹೊಂಗೆಯು ಹಳೆಯ ಎಲೆಗಳನ್ನು ಕಳಚಿ ತಳತಳಿಸುವ ಚಿಗುರನ್ನು ತಳೆಯುತ್ತಿರುವಾಗ, ಮಾವಿನ ಹೂಗೊಂಚಲುಗಳ ನಡುವೆ ಎಳೆಯ ಮಿಡಿಗಳು ಮೂಡುತ್ತಿರುವಾಗ, ಮಕ್ಕಳು ಒಳಗೆ ಕುಳಿತು ಆರು ಋತುಗಳ ಹೆಸರನ್ನು ಬಾಯಿಪಾಠ ಮಾಡುತ್ತಿರುವರು. ಏಪ್ರಿಲ್ ತಿಂಗಳ ನಡುವೆ ರಜೆ ಬಂದು ಶಾಲೆಯ ಬಾಗಿಲೇ ಮುಚ್ಚುವುದು. ಹೀಗೆ ಕಣ್ಣಿಟ್ಟು ಕಲಿಯುವುದಕ್ಕೆ ಅತ್ಯಂತ ಯೋಗ್ಯವಾದ ಋತುವೇ ಮಕ್ಕಳ ಕೈತಪ್ಪಿ ಹೋಗುತ್ತಿರುವುದು.

ಶಿಶುಗಳ ಕಲಿಕೆಗೂ ಗಿಡಮರಗಳಿಗೂ ಇರುವ ನಂಟು ಹೊಸದಲ್ಲ. ಜರ್ಮನಿಯ ಫ್ರೋಬೆಲ್ ಮಹಾಶಯನು ೧೮೪೦ರಲ್ಲಿ ತನ್ನ ಶಿಶುಶಾಲೆಗೆ ಮಕ್ಕಳ ತೋಟವೆಂಬ ಅರ್ಥದ ಹೆಸರನ್ನೇ ಇಟ್ಟನು. ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಸ್ಥಾಪಿಸಿದ ವಿದ್ಯಾಲಯದಲ್ಲಿ ಮರದ ನೆಳಲೇ ಪಾಠಶಾಲೆಯಾಯಿತು. ಇಂತಹ ಕಲಿಕೆಗೆ ಹೆಚ್ಚಿನ ಹಣವಾಗಲಿ ಉಪಕರಣಗಳಾಗಲಿ ಬೇಕಿಲ್ಲ. ಬೇಕಾದುದು ಅರ್ಧ ಗಂಟೆಯ ಬಿಡುವು, ಅಷ್ಟೆ.

ಬಯಲುಸೀಮೆಯ ಒಂದು ಗ್ರಾಮಶಾಲೆಯ ಉಪಾಧ್ಯಾಯರು ಫಾಲ್ಗುಣ ಹುಟ್ಟಿದೊಡನೆ ಸಣ್ಣ ತರಗತಿಯ ಮಕ್ಕಳನ್ನು ಪ್ರತಿದಿನವೂ ಬೆಳಗ್ಗೆ ಹೊರಗೆ ಕರೆದೊಯ್ಯತೊಡಗಿದರು. ಊಟದೆಲೆ ಹಚ್ಚುವ ಮುತ್ತುಗಕ್ಕೆ ಒಂದು ತೊಟ್ಟಿನಲ್ಲಿ ಮೂರೆಲೆ. ಹೊಂಗೆಗೆ ಸಾಮಾನ್ಯವಾಗಿ ಐದು, ಇಲ್ಲವೆ ಏಳು. ಎಣಿಕೆಯ ಪಾಠ ಅಲ್ಲಿಯೇ ಆಯಿತು. ಮುತ್ತುಗದ ಹೂವನ್ನು ನೀರಿನಲ್ಲಿ ನೆನೆಯಿಟ್ಟು, ಇಳಿದ ಹೊಂಬಣ್ಣದಿಂದ ಮಕ್ಕಳು ಚಿತ್ರ ಬರೆದರು. ಯುಗಾದಿಯ ಹಿಂದಿನ ದಿನ ಬೇವಿನ ಹೂವಿನ ಐದು ಎಸಳುಗಳನ್ನು ಎಣಿಸಿ, ನಾಲಗೆಗೆ ಹಚ್ಚಿ, ಮುಖ ಕಿವಿಚಿ ನಕ್ಕರು.

ಅವರಲ್ಲಿ ಕುರಿಗಾಹಿಯ ಮಗನೊಬ್ಬನಿದ್ದನು. ವರ್ಷವೆಲ್ಲಾ ತುಟಿ ಬಿಚ್ಚಿದವನಲ್ಲ. ಎರಡಕ್ಷರವನ್ನು ಕೂಡಿಸಿ ಓದಿದವನಲ್ಲ. ಮುಂದಿನ ವರ್ಷ ಅವನನ್ನು ಕುರಿಯ ಹಿಂದೆ ಕಳುಹಿಸುವುದೆಂದು ತಂದೆಯು ನಿಶ್ಚಯಿಸಿದ್ದನು. ಒಂದು ದಿನ ಉಪಾಧ್ಯಾಯರು ಕಾವ್ಯಗಳನ್ನು ಓದಿದ ಅಭ್ಯಾಸದಿಂದ, “ಕೇಳಿರಿ, ಹೆಣ್ಣು ಕೋಗಿಲೆ ಹಾಡುತ್ತಾಳೆ” ಎಂದರು. ಆ ಹುಡುಗನು ಮೆಲ್ಲಗೆ, “ಅಲ್ಲ ಮೇಷ್ಟ್ರೇ. ಕುಹೂ ಅನ್ನೋದು ಕರೀದು, ಅದು ಗಂಡು. ಚುಕ್ಕೆ ಚುಕ್ಕೆ ಇರೋದು ಹೆಣ್ಣು. ಅದು ಕಾಗೆ ಗೂಡಲ್ಲಿ ಮೊಟ್ಟೆ ಇಡ್ತದೆ” ಎಂದನು.

ಉಪಾಧ್ಯಾಯರು ಮನೆಗೆ ಹೋಗಿ ಪಕ್ಷಿಗಳ ಗ್ರಂಥವನ್ನು ತೆರೆದು ನೋಡಿದರು. ಹುಡುಗನ ಮಾತೇ ನಿಜವಾಗಿತ್ತು. ಮರುದಿನ ಅವರು ತಮ್ಮ ತಪ್ಪನ್ನು ತರಗತಿಯ ಮುಂದೆ ಒಪ್ಪಿಕೊಂಡು, ಅವನ ಮಾತನ್ನೇ ಕರಿಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದರು. ತನ್ನ ಮಾತು ಅಕ್ಷರವಾದುದನ್ನು ಕಂಡ ಹುಡುಗನು ಎದ್ದು ಬಂದು, ಒಂದೊಂದರ ಮೇಲೂ ಬೆರಳಿಟ್ಟು, ತಡೆದು ತಡೆದು ಓದಿದನು. ಅದು ಅವನ ಮೊದಲ ಓದು.

ರಜೆಗೆ ಮುನ್ನ ಉಪಾಧ್ಯಾಯರು ಕುರಿಹಟ್ಟಿಗೆ ಹೋಗಿ ಅವನ ತಂದೆಯೊಡನೆ ಮಾತನಾಡಿದರು. ತಂದೆಯು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮಕ್ಕಳಿಗೆಲ್ಲಾ ಅವರು ಕೊಟ್ಟ ರಜೆಯ ಕೆಲಸ ಒಂದೇ: ಶಾಲೆಯ ಹೊಂಗೆ ಇನ್ನು ಏನೇನಾಗುವುದೋ ನೋಡಿ ಬಂದು ಹೇಳಬೇಕು.

ಶಾಲೆ ಪುನಃ ತೆರೆದ ದಿನ ಹುಡುಗನು ಬರಲಿಲ್ಲ. ಮೂರನೆಯ ದಿನ ಬಾಗಿಲಲ್ಲಿ ಬಂದು ನಿಂತನು. ಅವನ ಮುಷ್ಟಿಯಲ್ಲಿ ಹೊಂಗೆಯ ಎಳೆಯ ಹಸುರು ಕಾಯಿಗಳಿದ್ದವು.