ಆಚೆ ಅಂದ್ರೆ ಎಲ್ಲಿ?

ದಿನಾ ಆಡುವ ಕನ್ನಡ ಪದವೊಂದನ್ನು ಮಕ್ಕಳು ಹಿಡಿದು ನಿಲ್ಲಿಸುವುದು ನಿಮ್ಮ ಮನೆಯಲ್ಲೂ ಆಗಿರುತ್ತದೆ. ರಾಬಿನ್ಸ್‌ವಿಲ್‌ನ ನಮ್ಮ ಬೀದಿಗೆ ಕಸದ ಗಾಡಿ ಬರುವ ಹಿಂದಿನ ರಾತ್ರಿ, "ಪುಟ್ಟಿ, ಈ ಚೀಲ ಆಚೆ ಹಾಕೋಣ ಬಾ" ಎಂದೆ.

"ಆಚೆ ಅಂದ್ರೆ ಎಲ್ಲಿ?" ಎಂದಳು ಏಳು ವರ್ಷದ ಮಗಳು.

"ಗಾಡಿ ತಗೊಂಡು ಹೋಗುತ್ತೆ" ಎಂದು ಜಾರಿಕೊಂಡೆ. ಮಲಗುವಾಗ ಮಂಡೂರು ನೆನಪಾಯಿತು.

ಮಂಡೂರು ಬೆಂಗಳೂರಿನ ಹೊರವಲಯದ ಹಳ್ಳಿ. 2012ರಲ್ಲಿ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತ ಮೇಲೆ ನಗರದ ಲಾರಿಗಳ ಹೊರೆ ಮಂಡೂರಿನ ಮೇಲೆ ಬಿತ್ತು. ನೊಣ, ವಾಸನೆ, ಕೆಟ್ಟ ನೀರು ಎಂದು ಊರಿನವರು ಮತ್ತೆ ಮತ್ತೆ ಪ್ರತಿಭಟಿಸಿದರು. 2014ರ ಡಿಸೆಂಬರ್ 1ರಿಂದ ಅಲ್ಲಿ ಕಸ ಹಾಕುವುದಿಲ್ಲವೆಂದು ಸರ್ಕಾರ ಒಪ್ಪಬೇಕಾಯಿತು. ಆಗ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ನಮ್ಮ ಬೀದಿ ತಿರುವಿನಲ್ಲಿ ರಾಶಿ ಬೆಳೆದಾಗ, "ಮಂಡೂರಿನವರು ಲಾರಿ ಬಿಡ್ತಿಲ್ವಂತೆ, ಏನ್ ಜನಾನೋ" ಎಂದು ಮೂಗು ಮುಚ್ಚಿಕೊಂಡು ಗೊಣಗಿದವರಲ್ಲಿ ನಾನೂ ಇದ್ದೆ. ನಾವು ಕೆಲವು ದಿನ ತಾಳಲಾರದ್ದನ್ನು ಅವರು ವರ್ಷಗಟ್ಟಲೆ ತಾಳಿದ್ದರೆಂದು ಹೊಳೆಯಲೇ ಇಲ್ಲ. ಮುಂದೆ ವಿಜ್ಞಾನಿಯಾಗಲು ಹೊರಟಿದ್ದ ತಲೆ ಅದು!

ಇಲ್ಲಾದರೋ ವಾಸನೆಯೂ ಬರುವುದಿಲ್ಲ. ಮರುವಾರ ಟರ್ನ್‌ಪೈಕ್‌ನಲ್ಲಿ ನ್ಯೂವಾರ್ಕ್ ದಾಟುವಾಗ ಐರನ್‌ಬೌಂಡ್‌ನ ಕಸ ಸುಡುವ ಸ್ಥಾವರವನ್ನು ಅವಳಿಗೆ ತೋರಿಸಿದೆ. 1990ರಿಂದ ಉರಿಯುತ್ತಿದೆ, ನ್ಯೂಯಾರ್ಕ್ ನಗರದ ಕಸವೂ ಅಲ್ಲಿಗೆ ಬರುತ್ತದೆ. ಹತ್ತಿರ ವಾಸಿಸುವವರಲ್ಲಿ ದುಡಿದು ತಿನ್ನುವ ವಲಸಿಗ ಕುಟುಂಬಗಳೇ ಹೆಚ್ಚು. ಅಂಥ ಊರುಗಳ ಜನ ಬಹುಕಾಲ ಹೋರಾಡಿದ್ದರಿಂದ 2020ರಲ್ಲಿ ನ್ಯೂಜೆರ್ಸಿಗೆ ಪರಿಸರ ನ್ಯಾಯದ ಕಾನೂನು ಬಂತು. ಈಗಾಗಲೇ ಮಾಲಿನ್ಯದ ಹೊರೆ ಹೊತ್ತ ಜಾಗದಲ್ಲಿ ಇಂಥ ಹೊಸ ಸ್ಥಾವರ ಕಟ್ಟಲು ಬಂದರೆ ಅನುಮತಿ ನಿರಾಕರಿಸಲು ಅದರಲ್ಲಿ ಅವಕಾಶವಿದೆ. ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಹೋಗಿ ನಾನೇ ನಾಲ್ಕು ಕಡೆ ತಡವರಿಸಿದೆ, ಆ ಮಾತು ಬೇರೆ.

ನಮ್ಮ ಚೀಲದ ದಾರಿ ಬೇರೆ ಇರಬಹುದು ಎಂದೂ ಹೇಳಿದೆ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಲೇ, "ಆದ್ರೂ ನಮ್ಮ ಆಚೆ ಯಾರದ್ದೋ ಮನೆ ಹತ್ರಾನೇ ಅಲ್ವಾ?" ಎಂದಳು.

ಈಗ ಅಡುಗೆಮನೆಯಲ್ಲಿ ಎರಡು ಡಬ್ಬಿಗಳಿವೆ. ಹಸಿ ಕಸ, ಒಣ ಕಸ ಎಂದು ಅವಳೇ ಬರೆದು ಅಂಟಿಸಿದ್ದಾಳೆ. "ಹಸಿ ಅಂದ್ರೆ ಹಸಿವಾ?" ಎಂದು ಕೇಳಿದ್ದಕ್ಕೆ ಅವಳ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಬಿದ್ದು ಬಿದ್ದು ನಕ್ಕರು. ಹಿತ್ತಲಿನ ಗೊಬ್ಬರದ ಡಬ್ಬಿಗೆ ಸಿಪ್ಪೆ ಸುರಿಯುವ ಕೆಲಸ ಅವಳದು. ಹಿಮ ಬಿದ್ದ ದಿನ ಮಾತ್ರ ನನ್ನದು.